ಕಬ್ಬಿನ ಸೀಮೆಯ ಉಕ್ಕಿನ ಸೂರು

ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿಗಳ ತುಪ್ಪ, ಬೆಲ್ಲ, ಹುರಿದ ಅಂಟಿನ ಘಮ ಎಲ್ಲಿ ತೆಳುವಾಗುತ್ತದೋ ಅಲ್ಲಿಂದ ಇನ್ನೊಂದು ವಾಸನೆ ಶುರುವಾಗುತ್ತದೆ. ಸುಟ್ಟ ವೆಲ್ಡಿಂಗ್ ರಾಡು, ಕಾದ ಕಬ್ಬಿಣ, ಇನ್ನೂ ಆರದ ರೆಡ್ ಆಕ್ಸೈಡ್ ಬಣ್ಣ, ಅದಕ್ಕೆ ಬೆರೆಸಿದ ಟರ್ಪೆಂಟೈನ್. ಮೂಗಿಗೆ ಹಿತವಲ್ಲ, ಆದರೆ ಒಮ್ಮೆ ಪರಿಚಯವಾದರೆ ಮರೆಯುವಂಥದ್ದೂ ಅಲ್ಲ. ಊರು ದಾಟುವ ರಸ್ತೆಗಳ ಮಗ್ಗುಲಲ್ಲಿ, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿಯವರ ಪಕ್ಕಕ್ಕೆ, ಟೈರಿನ ಅಂಗಡಿಯ ಹಿಂದುಗಡೆ, ಇಂಥ ಫ್ಯಾಬ್ರಿಕೇಶನ್ ಅಂಗಳಗಳಿವೆ. ಬೋರ್ಡು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಕೆಂಪು ಬಳಿದ ಕಂಬಗಳನ್ನು ರಸ್ತೆಗೆ ಕಾಣುವಂತೆ ಒರಗಿಸಿಟ್ಟರೆ ಅದೇ ಬೋರ್ಡು.

ಮೇ ತಿಂಗಳೆಂದರೆ ಈ ಅಂಗಳಗಳಿಗೆ ಸುಗ್ಗಿ. ಹೊತ್ತು ಏರಿದ ಮೇಲೆ ಕಬ್ಬಿಣ ಮುಟ್ಟಿದರೆ ಅಂಗೈ ಚುರ್ ಎನ್ನುತ್ತದೆ. ಹಾಗಾಗಿ ನಸುಕಿನಲ್ಲೇ ಕೆಲಸ ಹಚ್ಚುತ್ತಾರೆ. ಬನ್ನಿ, ಒಳಗೆ ಕಾಲಿಡೋಣ, ಆದರೆ ನೆಲ ನೋಡಿಕೊಂಡು. ಹಾವಿನಂತೆ ಹರಿದಾಡುವ ಕೇಬಲ್ಲು, ಕತ್ತರಿಸಿ ಬಿಸಾಕಿದ ಆ್ಯಂಗಲ್ ಚೂರು, ಕೆಂಪಾರದ ರಾಡಿನ ಮೊಂಡು ತುದಿ ಎಲ್ಲ ಕಾಲಡಿಗೇ ಸಿಗುತ್ತವೆ. ಮೂರು ಸದ್ದುಗಳು ಒಂದರ ಮೇಲೊಂದು ಬೀಳುತ್ತವೆ: ಗ್ಯಾಸ್ ಕಟರಿನ ಬುಸುಗುಡುವಿಕೆ, ಗ್ರೈಂಡರಿನ ಕಿವಿ ಕೊರೆಯುವ ಕಿರುಚು, ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ ಉದುರಿಸುವ ಸುತ್ತಿಗೆಯ ಟಣ್ ಟಣ್. ಕಿಟ್ಟ ಚಿಪ್ಪಿನಂತೆ ಸಿಡಿದು ಬಿದ್ದಾಗ ಅಡಿಯಲ್ಲಿ ಬೆಳ್ಳಗೆ ಮಿನುಗುವ ಬೆಸುಗೆ ಕಾಣುತ್ತದೆ. ಒಳ್ಳೆಯ ಕೈಯ ಬೆಸುಗೆ ಒಂದೇ ಅಳತೆಯ ಸಣ್ಣ ಸಣ್ಣ ಅಲೆಗಳಾಗಿ ಸಾಗಿರುತ್ತದೆ. ಹೊಸ ಕೈಯದು ಒಂದು ಕಡೆ ಉಬ್ಬಿ, ಒಂದು ಕಡೆ ತೂತು ಬಿದ್ದು, ನೋಡುವವರಿಗೇ ಹೇಳಿಬಿಡುತ್ತದೆ.

ಅಂಗಳದ ನಡುವೆ, ಕಟ್ಟಿಗೆ ತುಂಡುಗಳ ಮೇಲೆ ಅಡ್ಡ ಮಲಗಿಸಿದ ಕಂಬವೊಂದಿದೆ. ಅದರ ಆಕಾರ ನೋಡಿ. ಕಾಲ ಬಳಿ ಸಣ್ಣ, ಮೇಲೆ ಹೋದಂತೆ ಅಗಲ, ತುದಿಯಲ್ಲಿ ಬುಡದ ಎರಡರಷ್ಟಾದರೂ ಇದೆ. ಕಂಬವೆಂದರೆ ಬುಡ ದಪ್ಪ, ತುದಿ ಸಣ್ಣ ಎಂದು ತಿಳಿದ ನಮಗೆ ತಲೆಕೆಳಗಾಗಿ ಇಟ್ಟಿದ್ದಾರೇನೋ ಅನಿಸುತ್ತದೆ. ಕೇಳಿದರೆ ಮಿಸ್ತ್ರಿ ಮುಖದ ಗ್ಲಾಸು ಮೇಲೆತ್ತಿ ನಗುತ್ತಾನೆ: “ಭಾರ ಎಲ್ಲಾ ಹೆಗಲಿಗೆ ಬೀಳತೈತ್ರಿ ಸಾಹೇಬ್ರ, ಕಾಲಿಗಲ್ಲ.” ಅವನ ಮಾತು ಎಂಜಿನಿಯರಿಂಗ್ ಪುಸ್ತಕದ ಮಾತೇ. ಎರಡು ಕಂಬ, ಅವುಗಳ ನೆತ್ತಿಯಲ್ಲಿ ಇಳಿಜಾರಾಗಿ ಕೂಡುವ ಎರಡು ತೊಲೆ, ಇಷ್ಟನ್ನು ಒಂದೇ ಚೌಕಟ್ಟಾಗಿ ಬಿಗಿದಾಗ ಸೂರಿನ ತೂಕ ಮತ್ತು ಗಾಳಿಯ ಒತ್ತು ಅತಿ ಹೆಚ್ಚು ಬಾಗಿಸಲು ನೋಡುವುದು ಕಂಬ ಮತ್ತು ತೊಲೆ ಸೇರುವ ಹೆಗಲಿನಲ್ಲಿ. ಅಲ್ಲಿ ಉಕ್ಕು ಹೆಚ್ಚು ಬೇಕು, ಬುಡದಲ್ಲಿ ಕಡಿಮೆ ಸಾಕು. ಪ್ಲೇಟುಗಳನ್ನು ಕತ್ತರಿಸಿ, ಬೆಸೆದು, ದುಡಿಯುವ ಕಡೆ ಅಗಲವಾಗಿಯೂ ದುಡಿಯದ ಕಡೆ ಕಿರಿದಾಗಿಯೂ ಮಾಡಿದರೆ ಅಷ್ಟು ಕಬ್ಬಿಣ ಉಳಿಯಿತು. 1 ಚದರ ಮೀಟರಿನ, 10 ಮಿ.ಮೀ. ದಪ್ಪದ ಪ್ಲೇಟು ತೂಗುವುದು 78.5 ಕೆ.ಜಿ. ಕಿಲೋ ಲೆಕ್ಕದಲ್ಲಿ ಕೊಳ್ಳುವ ಸರಕು. ಮಿಸ್ತ್ರಿಯ ನಗುವಿನ ಹಿಂದೆ ಆ ಲೆಕ್ಕವೂ ಇದೆ.

ಇನ್ನೊಂದು ಮೂಲೆಯಲ್ಲಿ ಹುಡುಗನೊಬ್ಬ ಕುಕ್ಕರುಗಾಲಲ್ಲಿ ಕೂತು ಕಂಬದ ಪಾದಕ್ಕೆ ಬೆಸೆಯುವ ಪ್ಲೇಟಿಗೆ ತೂತುಗಳ ಗುರುತು ಹಾಕುತ್ತಿದ್ದಾನೆ. ಸೀಮೆಸುಣ್ಣದ ಗೆರೆ, ಗೆರೆ ಗೆರೆ ಕೂಡುವಲ್ಲಿ ಪಂಚಿಟ್ಟು ಒಂದೇ ಏಟು. ನಾಲ್ಕೇ ತೂತು. ಆದರೆ ಆ ನಾಲ್ಕು ತೂತು ಹತ್ತಾರು ಕಿಲೋಮೀಟರ್ ಆಚೆ, ಯಾರದೋ ಹೊಲದಲ್ಲಿ, ಆಗಲೇ ಕಾಂಕ್ರೀಟಿನಲ್ಲಿ ಹೂತು ನಿಂತ ನಾಲ್ಕು ಬೋಲ್ಟುಗಳಿಗೆ ಸರಿಯಾಗಿ ಕೂರಬೇಕು. ಬೆರಳಗಲ ತಪ್ಪಿದರೆ ಕ್ರೇನಿಗೆ ತೂಗುಬಿದ್ದ ಕಂಬದ ಕೆಳಗೆ ನಿಂತು ಗ್ಯಾಸ್ ಕಟರ್ ಹಿಡಿಯಬೇಕಾಗುತ್ತದೆ. ಅದಕ್ಕೇ ಪಾಯದ ಬೋಲ್ಟು ಹೂಳುವಾಗಲೂ ಪ್ಲೇಟಿಗೆ ತೂತು ಕೊರೆಯುವಾಗಲೂ ಒಂದೇ ತಗಡಿನ ಅಚ್ಚು ಬಳಸುತ್ತಾರೆ. ಮುಗಿದ ಕಂಬಕ್ಕೆ ಬಿಳಿ ಬಣ್ಣದಲ್ಲಿ ಹೆಸರು ಬೀಳುತ್ತದೆ: ಸಿ-4, ಎಡ. ಲಾರಿ ಹತ್ತುವ ಮೊದಲೇ ಅದಕ್ಕೆ ತನ್ನ ಜಾಗ ಗೊತ್ತು.

ಇದು ಊರ ಅಂಗಳಗಳ ಕೆಲಸ. ದೊಡ್ಡ ಕಾರ್ಖಾನೆಗಳ ಚೌಕಟ್ಟು ಪಿಇಬಿ (ಪ್ರೀ-ಎಂಜಿನಿಯರ್ಡ್ ಬಿಲ್ಡಿಂಗ್) ಎಂಬ ಹೆಸರಲ್ಲಿ ದೊಡ್ಡ ಊರುಗಳ ಘಟಕಗಳಲ್ಲಿ ಪೂರಾ ತಯಾರಾಗಿ ಉದ್ದನೆಯ ಟ್ರೇಲರುಗಳಲ್ಲಿ ಬರುತ್ತದೆ. ಮಾಡುವ ಕೈ ಬೇರೆ, ಯಂತ್ರ ಬೇರೆ, ತತ್ವ ಒಂದೇ: ಕಟ್ಟಡವನ್ನು ಒಂದು ಕಡೆ ಮಾಡು, ಇನ್ನೊಂದು ಕಡೆ ಜೋಡಿಸು. ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಈ ಕಡೆಯ ಹಳೆಯ ವಾಡೆಯೊಳಗೆ ನಿಂತು ತಲೆಯೆತ್ತಿದರೆ ಸಾಗವಾನಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ. ಬಡಿಗೇರರು ಅಂಗಳದಲ್ಲಿ ಕೆತ್ತಿ ಗುರುತು ಹಾಕಿ ತಂದು ಕೂಡಿಸಿದ್ದು. ಉಕ್ಕಿನ ಶೆಡ್ಡು ಆ ಮನೆಯ ಮೊಮ್ಮಗ. ಕಟ್ಟಿಗೆಯ ಬದಲು ಉಕ್ಕು, ಬೆಣೆಯ ಬದಲು ಬೋಲ್ಟು.

ಆ ಬೋಲ್ಟನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ತಲೆಯ ಮೇಲೆ 8.8 ಎಂದು ಉಬ್ಬಿದ ಅಂಕಿ ಹೆಬ್ಬೆರಳಿಗೆ ತಾಗುತ್ತದೆ. ಮೊದಲ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ಹರಿಯದು. ಚುಕ್ಕೆಯ ಆಚೆಯ 8 ಎಂದರೆ ಅದರಲ್ಲಿ ಶೇ. 80ರವರೆಗೆ ಹಿಗ್ಗಿ ಹಾಗೇ ಉಳಿಯದು. ಪಕ್ಕದ ಡಬ್ಬಿಯಲ್ಲಿ ಅದೇ ದಪ್ಪದ, ಅದೇ ಉದ್ದದ, 4.6ರ ಬೋಲ್ಟುಗಳಿವೆ. ಬಣ್ಣ ಒಂದೇ, ದರ ಕಡಿಮೆ, ಬಲ ಅರ್ಧ. ಶೆಡ್ಡಿನ ಹೆಗಲಿಗೆ ಯಾವುದು ಬಿತ್ತು ಎಂಬುದು ಮೂವತ್ತು ಅಡಿ ಎತ್ತರಕ್ಕೆ ಹೋದ ಮೇಲೆ ಮಾಲೀಕನಿಗೆ ಕಾಣುವುದಿಲ್ಲ.

ಮೇ ತಿಂಗಳಿನಲ್ಲೇ ಯಾಕೆ ಈ ಗಡಿಬಿಡಿ? ಉತ್ತರ ಕಬ್ಬಿನಲ್ಲಿದೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರು ಕುಡಿದ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಪಂಚಾಂಗ ಬರೆಯುವುದು ಸಕ್ಕರೆ ಕಾರ್ಖಾನೆ. ದೀಪಾವಳಿಯ ಆಚೀಚೆ ಕಬ್ಬು ನುರಿಸಲು ಶುರುವಾದರೆ ಮಾರ್ಚ್-ಏಪ್ರಿಲ್ ತನಕ ಹಗಲಿರುಳು ನಿಲ್ಲುವುದಿಲ್ಲ. ನಿಂತ ಮೇಲಿನ ಕೆಲವೇ ತಿಂಗಳಲ್ಲಿ ಯಂತ್ರ ಬಿಚ್ಚಬೇಕು, ತೊಳೆಯಬೇಕು, ಹೊಸದು ಕೂರಿಸಬೇಕು, ಗೋದಾಮು ಹೆಚ್ಚಿಸಬೇಕು. ಅದರಲ್ಲಿಯೂ ಜೂನ್‌ ಬಂತೆಂದರೆ ಮಳೆ. ಕಾಂಕ್ರೀಟಿನ ಕಟ್ಟಡಕ್ಕೆ ಅದರದೇ ಆದ ಗತಿ ಇದೆ. ಸೆಂಟ್ರಿಂಗ್ ಹೊಡಿ, ಕಬ್ಬಿಣ ಕಟ್ಟು, ಸುರಿ, ನೀರುಣಿಸು, ಕಾಯಿ. ಅದರ ಬಲ ಅಳೆಯುವುದೇ 28ನೆಯ ದಿನಕ್ಕೆ. 6 ಮೀಟರ್ ಮೀರಿದ ತೊಲೆಯಾದರೆ ಕೆಳಗಿನ ಆಸರೆಗಳನ್ನು ಮೂರು ವಾರ ತೆಗೆಯುವಂತಿಲ್ಲ. ಉಕ್ಕಿನ ಚೌಕಟ್ಟಿನಲ್ಲಿ ಪಾಯ ಗಟ್ಟಿಯಾಗುತ್ತಿರುವಾಗಲೇ ಇತ್ತ ಅಂಗಳದಲ್ಲಿ ಕಂಬ ತಯಾರಾಗುತ್ತಿರುತ್ತದೆ. ಎರಡು ಕೆಲಸ ಒಂದೇ ಕಾಲಕ್ಕೆ. ಬೋಲ್ಟು ಬಿಗಿದ ಗಳಿಗೆಯಿಂದ ಚೌಕಟ್ಟು ತನ್ನ ಪೂರ್ತಿ ಬಲದಲ್ಲೇ ನಿಂತಿರುತ್ತದೆ. ನೀರಿನ ಮಾತೂ ಇದೆ. ಬೇಸಿಗೆಯಲ್ಲಿ ಕಾಲುವೆ ಒಣಗಿ, ಬಾವಿಯ ತಳ ಕಂಡು, ಟ್ಯಾಂಕರಿಗೆ ರೊಕ್ಕ ಎಣಿಸುವ ಊರಿನಲ್ಲಿ ಸ್ಲ್ಯಾಬಿಗೆ ವಾರಗಟ್ಟಲೆ ನೀರು ಹೊಡೆಯುವುದು ನೋಡಿದವರಿಗೆ ಉಕ್ಕಿನ ಈ ಗುಣ ಯಾರೂ ಹೇಳಿಕೊಡಬೇಕಿಲ್ಲ.

ಕಬ್ಬಿಣಕ್ಕೂ ಗೋಕಾಕಕ್ಕೂ ನಂಟು ನಿನ್ನೆ ಮೊನ್ನೆಯದಲ್ಲ. 52 ಮೀಟರ್ ಕೆಳಗೆ ಧುಮುಕುವ ಫಾಲ್ಸಿನ ದಂಡೆಯಲ್ಲಿ 1885ರಲ್ಲಿ ಕಂಪನಿ ಹುಟ್ಟಿ, 1887ರಲ್ಲಿ ನೂಲು ತೆಗೆಯಲು ತೊಡಗಿದ ಗಿರಣಿ ಇಂದಿಗೂ ಇದೆ. ನೀರಿನ ಬಲದಿಂದಲೇ ಯಂತ್ರ ತಿರುಗಿಸಿದ ಗಿರಣಿ ಅದು. ಬಂಡೆಗಳ ಮೇಲೆ ತೂಗಾಡುವ 201 ಮೀಟರ್ ಉದ್ದದ ಸೇತುವೆಯ ಕಬ್ಬಿಣದ ಹಗ್ಗವನ್ನು ಈ ಭಾಗದ ಶಾಲೆಯ ಮಕ್ಕಳೆಲ್ಲ ಪ್ರವಾಸದಲ್ಲಿ ಹಿಡಿದು ನಡುಗಿದವರೇ. ಜಗತ್ತಿನ ಕಡೆ ನೋಡಿದರೆ, ಕಬ್ಬಿಣದ ಅಸ್ಥಿಪಂಜರದ ಮೊದಲ ದೊಡ್ಡ ಕಟ್ಟಡವೂ ನೂಲಿನ ಗಿರಣಿಯೇ. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ 1797ರಲ್ಲಿ ಎದ್ದದ್ದು. ಕಟ್ಟಿಗೆಯ ಗಿರಣಿಗಳು ದೀಪದ ಕಿಡಿಗೆ ಹತ್ತಿ ಉರಿಯುತ್ತಿದ್ದವು ಎಂಬ ಹೆದರಿಕೆಯೇ ಅದಕ್ಕೆ ಮೂಲ.

ಗೋಕಾಕದಿಂದ ಮೂಡಲಗಿಯ ದಾರಿ ಹಿಡಿದರೆ ನೆಲದ ಬಣ್ಣ ಕಪ್ಪಾಗುತ್ತದೆ. ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡ ಕಟ್ಟಿದ ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆ ಈ ಎರೆಭೂಮಿಯನ್ನು ತಣಿಸುತ್ತದೆ. ಕಬ್ಬು, ಗೋವಿನಜೋಳ, ಅರಿಷಿಣ. 2018ರ ಸುಮಾರಿಗೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಸುತ್ತ, ಹೊಲದ ನಡುನಡುವೆ, ನೀಲಿ ಅಥವಾ ಹಸಿರು ತಗಡಿನ ಸೂರುಗಳು ದೂರದಿಂದಲೇ ಹೊಳೆಯುತ್ತವೆ. ಒಂದರಲ್ಲಿ ಕುದಿಸಿ ಒಣಗಿಸಿದ ಅರಿಷಿಣದ ಚೀಲ, ಒಂದರಲ್ಲಿ ಟ್ರ್ಯಾಕ್ಟರು ಮತ್ತು ರಂಟೆ-ಕುಂಟೆ, ಒಂದರಲ್ಲಿ ಕೋಳಿ, ಇನ್ನೊಂದರಲ್ಲಿ ಬೆಲ್ಲದ ಗಾಣ. ಗಾಣದ ಶೆಡ್ಡಿನೊಳಗೆ ಕೊಪ್ಪರಿಗೆಯ ಆವಿ ಮೇಲೇರಿ ತಗಡಿಗೆ ಮುಟ್ಟಿ ಹನಿಯಾಗಿ ತೊಟ್ಟಿಕ್ಕುತ್ತದೆ. ಜಂತಿಗಳ ಮೇಲೆ ವರ್ಷಗಳ ಬೆಲ್ಲದ ಹೊಗೆ ಕರ್ರಗೆ, ಅಂಟಂಟಾಗಿ ಕೂತಿರುತ್ತದೆ.

ಎರೆಮಣ್ಣಿನ ಗುಣ ಈ ಸೀಮೆಯ ಗೌಂಡಿಗಳಿಗೆ ಬಾಯಿಪಾಠ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬಿ ಮೇಲೆದ್ದು ಗೋಡೆಯನ್ನೇ ಸೀಳುವ ಹಟ. ಇಂಥ ನೆಲದ ಮೇಲೆ ಎಷ್ಟು ಭಾರ ಹೇರುತ್ತೀರೋ ಅಷ್ಟು ಆಳಕ್ಕೆ, ಅಷ್ಟು ಅಗಲಕ್ಕೆ ಪಾಯ ಹೋಗಬೇಕು. ಐದಿಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬು ಬರೀ ತನ್ನ ತೂಕದಲ್ಲೇ ಚದರ ಮೀಟರಿಗೆ 300 ಕೆ.ಜಿ. ದಾಟುತ್ತದೆ. ಸಾಧಾರಣ ಉಕ್ಕಿನ ಶೆಡ್ಡಿನಲ್ಲಿ ಕಂಬ, ತೊಲೆ, ಜಂತಿ, ತಗಡು ಎಲ್ಲ ಕೂಡಿದರೂ 30ರಿಂದ 40 ಕೆ.ಜಿ. ಆಸುಪಾಸು. ಇಡೀ ಗೋಡೆಗೆ ಪಾಯ ತೋಡುವ ಬದಲು ಕಂಬಕ್ಕೊಂದರಂತೆ ಗುಂಡಿ ತೆಗೆದು ಗರಸಿನವರೆಗೆ ಇಳಿದರೆ ಆಯಿತು. ಮೂರಡಿ ಇಟ್ಟಂಗಿ ಗೋಡೆ, ಅದರ ಮೇಲೆ ತಗಡು. ನೆಲ ಅಲುಗಿ ಗೋಡೆಯಲ್ಲಿ ಸೀಳು ಬಂದರೂ ಚೌಕಟ್ಟಿಗೆ ಅದರ ಗೊಡವೆಯಿಲ್ಲ.

ಆದರೆ ಹಗುರತನಕ್ಕೆ ಬೆಲೆ ಇದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಎದ್ದಾಗ ಆ ಬೆಲೆ ಕೇಳುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 45 ಕೆ.ಜಿ. ಮೀರುತ್ತದೆ, ಅದು ಸೂರಿನ ಮೇಲೆ ಹಾಯುವಾಗ ತಗಡನ್ನು ಮೇಲಕ್ಕೆ ಹೀರುತ್ತದೆ, ಬಾಗಿಲು ತೆರೆದಿದ್ದರೆ ಒಳಗಿನಿಂದಲೂ ನೂಕುತ್ತದೆ. ಶೆಡ್ಡಿನ ತೂಕಕ್ಕಿಂತ ಗಾಳಿಯ ಎತ್ತುಗೆ ಹೆಚ್ಚಾಯಿತು. ಹಾಗಾಗಿ ಈ ಕಟ್ಟಡದ ಪಾಯಕ್ಕೆ ಹೊರುವುದಷ್ಟೇ ಕೆಲಸವಲ್ಲ, ಹಾರಿಹೋಗದಂತೆ ಹಿಡಿದುಕೊಳ್ಳುವುದೂ ಅದರದೇ ಕೆಲಸ. ಬಡವರ ಗುಡಿಸಲಿನ ತಗಡಿನ ಮೇಲೆ ಸಾಲಾಗಿ ಕಲ್ಲು ಹೇರಿಟ್ಟಿರುವುದನ್ನು ಈ ಭಾಗದ ಯಾವ ಊರಲ್ಲೂ ನೋಡಬಹುದು. ಅವರಿಗೆ ಲೆಕ್ಕ ಬಾರದಿರಬಹುದು, ಗಾಳಿಯ ತೂಕ ಗೊತ್ತು.

ಅರಿಷಿಣದ ಶೆಡ್ಡಿನ ಮಾಲೀಕರೊಬ್ಬರು, ಎಪ್ಪತ್ತರ ಆಚೀಚಿನ ಹಿರಿಯರು, ಬಾಜಿನ ಮೇಲೆ ಕೂತು ತಂಬಾಕು ತಿಕ್ಕುತ್ತ ಹೇಳಿದ ಕಾರಣ ಯಾವ ಪುಸ್ತಕದಲ್ಲೂ ಮೊದಲ ಸಾಲಿಗೆ ಬರುವುದಿಲ್ಲ. “ಇಬ್ರು ಮಕ್ಕಳದಾರ. ನಾಳೆ ಹೊಲ ಪಾಲಾದ್ರ ಸ್ಲ್ಯಾಬು ಎರಡು ಭಾಗ ಮಾಡಾಕ ಬರತೈತೇನು? ಇದನ್ನ ಬಿಚ್ಚಿ ಒಯ್ಯಬಹುದು. ಒಲ್ಲೆ ಅಂದ್ರ ಮಾರಿದ್ರೂ ತೂಕಕ್ಕ ರೊಕ್ಕ ಬರತೈತಿ.” ಕೆಡವಿದ ಕಾಂಕ್ರೀಟು ಹೆಚ್ಚಾಗಿ ರಾಡಿ ತುಂಬಲಷ್ಟೇ ಹೋಗುತ್ತದೆ. ಬಿಚ್ಚಿದ ಉಕ್ಕು ಇನ್ನೊಂದು ಹೊಲದಲ್ಲಿ ನಿಲ್ಲುತ್ತದೆ, ಇಲ್ಲವೇ ಗುಜರಿಯ ಮೂಲಕ ಮತ್ತೆ ಕುಲುಮೆಗೆ ಹೋಗಿ ಉಕ್ಕಾಗಿಯೇ ಹೊರಬರುತ್ತದೆ. ಪರಿಸರದ ಭಾಷಣಗಳಲ್ಲಿ ಕೇಳುವ ಮಾತಿಗಿಂತ ಅಜ್ಜನ ತಕ್ಕಡಿಯ ಮಾತು ನನಗೆ ಗಟ್ಟಿ ಅನಿಸಿತು.

ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅದೇ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಇನ್ನೊಂದು, ಇತ್ತ ಗೋಕಾಕ ಸೀಮೆಯಲ್ಲಿ ಘಟಪ್ರಭಾ ಸಹಕಾರಿ, ಹುಣಶ್ಯಾಳ ಪಿ.ಜಿ., ಕೊಳವಿ ಎಂದು ಎಣಿಸುತ್ತ ಹೋದರೆ ಈ ಬಯಲಲ್ಲಿ ಚಿಮಣಿ ಕಾಣದ ದಿಕ್ಕಿಲ್ಲ. ಇಂಥ ಕಾರ್ಖಾನೆಯೊಂದರ ಒಳಗೆ ಹಂಗಾಮಿನಲ್ಲಿ ಕಾಲಿಟ್ಟರೆ ಮೊದಲು ಅಪ್ಪಳಿಸುವುದು ಸದ್ದಲ್ಲ, ವಾಸನೆ. ಹಸಿ ಕಬ್ಬಿನ ಹಾಲು, ಕಾದ ಬೆಲ್ಲ, ಹುಳಿತ ಮೊಲಾಸಿಸ್, ನಡುವೆ ಗಂಟಲು ಕೆರೆಯುವ ಗಂಧಕ. ಆಮೇಲೆ ನೆಲದ ನಡುಕ ಅಂಗಾಲಿಗೆ ಹತ್ತುತ್ತದೆ. ಹಾಸುಪಟ್ಟಿಯ ಮೇಲೆ ಕಬ್ಬು ನದಿಯಂತೆ ಮೇಲೇರಿ, ಚಾಕುಗಳ ಬಾಯಿಗೆ ಬಿದ್ದು, ನಾರು ನಾರಾಗಿ ಗಾಣದಿಂದ ಗಾಣಕ್ಕೆ ದಾಟುತ್ತದೆ. ಪ್ರತಿ ಗಾಣಕ್ಕೆ ಹಲ್ಲಿನ ಮೂರು ರೋಲರು. ದೊಡ್ಡ ಕಾರ್ಖಾನೆಗಳಲ್ಲಿ ಒಂದೊಂದು ರೋಲರೂ 10 ಟನ್ನಿಗೆ ಮೇಲೆ ತೂಗುತ್ತದೆ.

ಈಗ ತಲೆಯೆತ್ತಿ. ಆವಿಯ ಮಬ್ಬಿನಲ್ಲಿ ಹಳದಿ ಬಣ್ಣದ ಸೇತುವೆಯೊಂದು ಈ ಗೋಡೆಯಿಂದ ಆ ಗೋಡೆಗೆ ಚಾಚಿ ನಿಂತಿದೆ. ಎರಡು ಬದಿ ಹಳಿಗಳ ಮೇಲೆ ಓಡಾಡುವ ಕ್ರೇನು ಅದು. ರೋಲರು ಸವೆದರೆ ಎತ್ತಿ ಆಚೆಗಿಡುವುದು ಇದೇ. ಆ ಹಳಿ ಕೂತಿರುವುದು ಕಂಬದ ಮಗ್ಗುಲಿಗೆ ಬೆಸೆದ ಉಕ್ಕಿನ ತೋಳುಗಳ ಮೇಲೆ. ಕ್ರೇನು ಭಾರ ಹೊತ್ತು ಸರಿದಾಗ, ಗಕ್ಕನೆ ನಿಂತಾಗ, ಆ ತೂಕವೂ ಆ ಜಗ್ಗಾಟವೂ ಕಂಬಕ್ಕೆ ಇಳಿಯುತ್ತವೆ. ಉಕ್ಕು ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಸೆಟೆದು ನಿಲ್ಲುವುದಕ್ಕಿಂತ ಬಾಗಿ ಉಳಿಯುವುದು ಇಲ್ಲಿ ಮೇಲು.

ಕಾರ್ಖಾನೆ ಬೆಳೆಯುವ ಬಗೆಯನ್ನೂ ಇದೇ ಸೂರಿನಲ್ಲಿ ಓದಬಹುದು. ಒಂದು ಕಾಲಕ್ಕೆ ದಿನಕ್ಕೆ 1,250 ಟನ್ ಕಬ್ಬು ನುರಿಸುವುದೇ ಮಾದರಿ ಅನಿಸಿತ್ತು, ಮುಂದೆ 2,500 ಆಯಿತು, ಈಗ ಅದೂ ಸಣ್ಣದು. ಗಾಣ ಹೆಚ್ಚಾಯಿತು, ಕಬ್ಬಿನ ಸಿಪ್ಪೆಯಿಂದ ಕರೆಂಟು ತೆಗೆಯುವ ಘಟಕ ಬಂತು, ಡಿಸ್ಟಿಲರಿ ಬಂತು, ಇಥೆನಾಲ್ ಬಂತು. ಪ್ರತಿ ಸಲವೂ ಕೊನೆಯ ಚೌಕಟ್ಟಿನ ಪಕ್ಕೆಯ ತಗಡು ಬಿಚ್ಚಿ, ಅದರಾಚೆ ಇನ್ನೊಂದು, ಮತ್ತೊಂದು ಚೌಕಟ್ಟು ನಿಲ್ಲಿಸಿ ಸೂರು ಮುಂದುವರಿಸಿದ್ದಾರೆ. ದಿಟ್ಟಿಸಿದರೆ ಕಾಣುತ್ತದೆ: ಹಳೆಯ ಭಾಗದಲ್ಲಿ ಸಣ್ಣ ಆ್ಯಂಗಲ್ಲುಗಳ ಹೆಣಿಗೆಯ ಟ್ರಸ್ಸು, ಹೊಸ ಭಾಗದಲ್ಲಿ ನುಣ್ಣನೆಯ ಅಗಲ ಪ್ಲೇಟಿನ ತೊಲೆ. ಎರಡರ ನಡುವಿನ ಜೋಡಣೆಯಲ್ಲಿ ಬೋಲ್ಟಿನ ತೂತು ಉರುಟಲ್ಲ, ಉದ್ದ. 60 ಮೀಟರ್ ಉದ್ದದ ಉಕ್ಕು ನಸುಕಿನ ಚಳಿಯಿಂದ ಮಧ್ಯಾಹ್ನದ ತಗಡಿನ ಕಾವಿಗೆ 40 ಡಿಗ್ರಿ ಏರಿದರೆ 29 ಮಿ.ಮೀ. ಹಿಗ್ಗುತ್ತದೆ. ಒಂದು ಇಂಚಿಗೂ ಹೆಚ್ಚು. ಆ ಉದ್ದ ತೂತು ಅದಕ್ಕೆ ಬಿಟ್ಟ ಜಾಗ.

ಗೋದಾಮಿನಲ್ಲಿ ಬೇರೆಯೇ ಲೋಕ. ಒಣ, ತಂಪು, ಗೋಣಿಯ ವಾಸನೆ. 50 ಕೆ.ಜಿ. ಚೀಲಗಳು ಸೂರಿನ ಹತ್ತಿರದವರೆಗೆ ಗೋಡೆಯಾಗಿ ನಿಂತಿವೆ, ನಡುವೆ ಒಂದೇ ಒಂದು ಕಂಬ ಇಲ್ಲ. ಲಾರಿ ಒಳಗೇ ಬಂದು ತಿರುಗಿ ಹೋಗುತ್ತದೆ. ಕಂಬವಿಲ್ಲದ ವಿಶಾಲದ ಮಾತು ಬಂದಾಗ ನಮ್ಮ ಕಡೆಯವರಿಗೆ ನೆನಪಾಗುವುದು ವಿಜಯಪುರದ ಗೋಳಗುಮ್ಮಟ. ಹುಕ್ಕೇರಿಯಲ್ಲೂ ಆದಿಲಶಾಹಿ ಕಾಲದ ಗುಮ್ಮಟಗಳು ಪಾರಿವಾಳಗಳಿಗೆ ಆಸರೆಯಾಗಿ ನಿಂತಿವೆ. 1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗಿನ ಚೌಕ ಸುಮಾರು 41 ಮೀಟರ್. ಮೇಲಿನ ಗುಮ್ಮಟ ಹೊರಲು ಗೋಡೆ 3 ಮೀಟರ್ ದಪ್ಪ. ಇಂದು 40 ಮೀಟರ್ ಅಗಲಕ್ಕೆ ನಡುಗಂಬವಿಲ್ಲದೆ ಸೂರು ಹಾಯಿಸುವ ಉಕ್ಕಿನ ಚೌಕಟ್ಟಿನಲ್ಲಿ ಕಂಬದ ನಡುಪ್ಲೇಟು ಒಂದು ಬೆರಳಿಗಿಂತ ದಪ್ಪವಿರುವುದು ಅಪರೂಪ. ಚೆಲುವಿನ ಮಾತು ಎತ್ತಬೇಡಿ, ಆ ಪಂದ್ಯದಲ್ಲಿ ಶೆಡ್ಡು ಹೆಸರೇ ಕೊಡುವುದಿಲ್ಲ. ಬಂಡೆ ಹೊತ್ತವರ ಬೆವರಿನ ಲೆಕ್ಕದಲ್ಲಿ ಮಾತ್ರ ಇದು ಗೆಲ್ಲುತ್ತದೆ.

ಹೆದ್ದಾರಿಯ ಬದಿಗೆ ಕಣಗಲಾ ಕೈಗಾರಿಕಾ ಪ್ರದೇಶದಲ್ಲಿ ಇಂಥವೇ ಸೂರುಗಳ ಸಾಲು. ಹೊರಗಿನಿಂದ ಎಲ್ಲ ಒಂದೇ, ಒಳಗೆ ಒಂದೊಂದರದು ಒಂದೊಂದು ದಂಧೆ. ಹುಕ್ಕೇರಿ ಪೇಟೆಯ ವೆಲ್ಡಿಂಗ್ ಅಂಗಡಿಗಳಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಅಂಥದ್ದು ಅದೊಂದೇ.

ಉಕ್ಕಿಗೆ ಶತ್ರುಗಳಿಲ್ಲವೆಂದಲ್ಲ. ಸಕ್ಕರೆ ಬೆಳ್ಳಗಾಗಿಸಲು ರಸಕ್ಕೆ ಹಾಯಿಸುವ ಗಂಧಕದ ಅನಿಲ, ಆವಿ, ಹುಳಿತ ರಸ ಮೂರೂ ಸೇರಿದ ಕಡೆ ತುಕ್ಕು ಎರಡೇ ಹಂಗಾಮಿನಲ್ಲಿ ಹಪ್ಪಳದಂತೆ ಏಳುತ್ತದೆ. ಹಂಗಾಮು ಮುಗಿದ ಮೇಲೆ ತಂತಿಯ ಬ್ರಷ್ ಹಿಡಿದ ಕೂಲಿಗಳು ಹಗ್ಗಕ್ಕೆ ಜೋತು ಅದನ್ನು ಕೆರೆದು ಬಣ್ಣ ಬಳಿಯುವುದು ಈ ಕಾರ್ಖಾನೆಗಳ ವಾರ್ಷಿಕ ವ್ರತ. ಸೂರಿನ ತಗಡಿಗೆ ಈಗ ಶೇ. 55 ಅಲ್ಯುಮಿನಿಯಂ, ಉಳಿದದ್ದು ಬಹುಪಾಲು ಸತು ಇರುವ ಲೇಪ ಬಂದಿದೆ. ಹಳೆಯ ಬರೀ ಸತುವಿನ ತಗಡಿಗಿಂತ ಬಾಳಿಕೆ ಹೆಚ್ಚು. ಬೆಂಕಿ ಇನ್ನೂ ಕೆಟ್ಟದ್ದು. ಉಕ್ಕು ಉರಿಯುವುದಿಲ್ಲ ನಿಜ, ಆದರೆ 550 ಡಿಗ್ರಿಯ ಹೊತ್ತಿಗೆ ಅದರ ಬಲ ಅರ್ಧಕ್ಕೆ ಬರುತ್ತದೆ. ಸಿಪ್ಪೆಯ ಬಣವೆಗೆ ಬೆಂಕಿ ಬಿದ್ದರೆ ಪಕ್ಕದ ಶೆಡ್ಡಿನ ತೊಲೆ ಸೋತು ಜೋತುಬೀಳಲು ಹೆಚ್ಚು ಹೊತ್ತು ಬೇಡ. ಬಣವೆಗೂ ಕಟ್ಟಡಕ್ಕೂ ನಡುವೆ ದೂರ ಇಡುವುದು ಅದಕ್ಕೇ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಒಟ್ಟಿಗೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ನುಂಗಿದಾಗ ಮಣ್ಣಿನ ಗೋಡೆಯ ಮನೆಗಳು ಕುಸಿದವು. ಮನೆ ಕಳಕೊಂಡವರಿಗೆ ಸಿಕ್ಕಿದ್ದು ಪತ್ರಾಸ್ ಶೆಡ್ಡು. ಚೀಲ ಪೇರಿಸಲು, ಯಂತ್ರ ನಿಲ್ಲಿಸಲು ಹೇಳಿ ಮಾಡಿಸಿದ ತಗಡಿನ ಸೂರು ಬಾಣಂತಿಗೂ ಮುದುಕರಿಗೂ ಆಗಿಬರುವುದಿಲ್ಲ. ಹಗಲಲ್ಲಿ ಹಂಚಿನ ಕಾವು, ಮಳೆ ಬಂದರೆ ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ. ಕಾರ್ಖಾನೆಯವರು ಅದೇ ತಗಡಿನಡಿಗೆ ಕಾವು ತಡೆಯುವ ಹಾಸು ಹಾಕುತ್ತಾರೆ, ನೆತ್ತಿಯಲ್ಲಿ ಗಾಳಿಗೆ ಗಿರಗಿರ ತಿರುಗುವ ವೆಂಟಿಲೇಟರ್ ಇಡುತ್ತಾರೆ. ಸಕ್ಕರೆಗೆ ಸಿಗುವ ಅನುಕೂಲ ಸಂತ್ರಸ್ತರಿಗೆ ಸಿಗುವುದಿಲ್ಲ. ಕಬ್ಬು ಕಡಿಯಲು ಗಡಿಯಾಚೆಯಿಂದ ಬರುವ ಗ್ಯಾಂಗಿನವರಂತೂ ಆ ಬೃಹತ್ ಸೂರುಗಳ ನೆರಳಿಗೆ, ತಾಡಪತ್ರಿ ಮತ್ತು ರವದಿಯ ಗುಡಿಸಲಲ್ಲಿ, ಹಂಗಾಮು ಕಳೆಯುತ್ತಾರೆ.

ಮೂಡಲಗಿಯ ಹೊಲದಲ್ಲಿ ಆ ದಿನ ಸಿ-4 ಕಂಬ ಎದ್ದು ನಿಲ್ಲುವಾಗ ಸಂಜೆಯ ಗಾಳಿ ಬಿಟ್ಟಿತ್ತು. ಕ್ರೇನಿನವನು ಒಂದು ಕಣ್ಣು ಮುಚ್ಚಿ ಮಿಸ್ತ್ರಿಯ ಕೈಸನ್ನೆಯನ್ನೇ ನೋಡುತ್ತ ಇಳಿಸಿದ. ನಾಲ್ಕು ತೂತು ನಾಲ್ಕು ಬೋಲ್ಟಿಗೆ ಕಚ್ಚೆಂದು ಕೂತವು. ಮೇಲೆ ಹತ್ತಿದ ಹುಡುಗನ ಸೊಂಟದಲ್ಲಿ ಬೆಲ್ಟಿತ್ತು, ಅದರ ಕೊಕ್ಕೆ ಮಾತ್ರ ಎಲ್ಲಿಗೂ ಸಿಕ್ಕಿಸಿರಲಿಲ್ಲ. ಮಿಸ್ತ್ರಿ ಕೆಳಗಿನಿಂದ ಗದರಿದ ಮೇಲೆ ಸಿಕ್ಕಿಸಿದ. ಎರಡು ಕಂಬಗಳ ನಡುವೆ ಇಂಟು ಆಕಾರದಲ್ಲಿ ಸರಳು ಬಿಗಿಯುವ ಹೊತ್ತಿಗೆ ಮಾಲೀಕರು ತಡೆದರು.

“ಇದೊಂದು ಬಿಟ್ಟಬಿಡೋ ತಮ್ಮಾ. ಟ್ರೇಲರ್ ಹಾಯಾಕ ಅಡ್ಡ ಬರತೈತಿ.”

“ಬೇಕಂದ್ರ ಬ್ಯಾರೆ ಅಂಕಣಕ್ಕ ಹಾಕ್ತೀನ್ರಿ ಕಾಕಾ. ಬಿಡೂದು ಮಾತ್ರ ಆಗೂದಿಲ್ಲ.”

ಕಾಕಾ ಗೊಣಗಿದರು, ಒಪ್ಪಿದರು. ಆ ಇಂಟು ಸರಳುಗಳಿಗೆ ಬ್ರೇಸಿಂಗ್ ಎನ್ನುತ್ತಾರೆ. ಒಂದೊಂದು ಚೌಕಟ್ಟೂ ಅಡ್ಡಗಾಳಿಗೆ ತಾನೇ ನಿಲ್ಲಬಲ್ಲದು. ಉದ್ದಕ್ಕೆ ಬೀಸುವ ಗಾಳಿಗೆ ಎಲ್ಲ ಚೌಕಟ್ಟುಗಳೂ ಒಂದರ ಮೇಲೊಂದು ಒರಗಿ ಮಲಗದಂತೆ ತಡೆಯುವುದು ಹೆಬ್ಬೆರಳು ದಪ್ಪದ ಆ ಸರಳೇ. ಇಡೀ ಶೆಡ್ಡಿನ ಖರ್ಚಿನಲ್ಲಿ ಅದರ ಪಾಲು ತೀರ ಸಣ್ಣದು, ಉಳಿತಾಯದ ಹೆಸರಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ನೀವು ಶೆಡ್ಡು ಹಾಕಿಸುವವರಾಗಿದ್ದರೆ ತಗಡಿನ ಬಣ್ಣ ಆರಿಸುವ ಮೊದಲು ಗಾಳಿಯ ಲೆಕ್ಕ ಹಾಕಿ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಕೇಳಿ. ಬೋಲ್ಟು ಮೇಲೇರುವ ಮುಂಚೆ ಅದರ ತಲೆಯ ಅಂಕಿ ಓದಿ. ಬ್ರೇಸಿಂಗಿನ ಜಾಗ ಬದಲಿಸಿ, ಬಿಡಬೇಡಿ. ಪ್ರತಿ ವರ್ಷ ಮಳೆಗೆ ಮುಂಚೆ ತುಕ್ಕು ಹಿಡಿದ ಕಡೆ ಕೆರೆಸಿ ಬಣ್ಣ ಹೊಡೆಸಿ. ಮೇಲೆ ಹತ್ತುವ ಹುಡುಗನ ಬೆಲ್ಟಿನ ಕೊಕ್ಕೆ ಸಿಕ್ಕಿಸಿದೆಯೇ ಎಂದು ಕೆಳಗೆ ನಿಂತವರು ನೀವೇ ನೋಡಿ.